ಕಾಲು ತೊಳೆದ ದೇವರು

ಯೇಸುಸ್ವಾಮಿಯನ್ನು ಯಾಕಿಷ್ಟು ಪ್ರೀತಿಸುತ್ತೀಯಾ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಪವಿತ್ರ ಗುರುವಾರ, ಶಿಲುಬೆಗೇರುವ ಮುನ್ನಾ ರಾತ್ರಿ ಅವರು ಶಿಷ್ಯರ ಜೊತೆ ಕೊನೆಯ ಊಟ ಮಾಡಿದ ದಿನ. ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುವ ಸಂಭ್ರಮ ನನಗೂ ಇಷ್ಟವೇ. ಪಾಸ್ಕದ, ಅಂದರೆ ಈಸ್ಟರಿನ, ರಾತ್ರಿ ಕತ್ತಲಲ್ಲಿ ಹೊಸ ಬೆಂಕಿಯಿಂದ ಮೇಣದ ಬತ್ತಿ ಹೊತ್ತಿಸುವಾಗ ಮೈ ಜುಮ್ಮೆನ್ನುತ್ತದೆ. ಆದರೂ ನನ್ನನ್ನು ಈ ವಿಶ್ವಾಸಕ್ಕೆ ಕಟ್ಟಿ ಹಾಕಿರುವುದು ಒಂದು ಬೋಗುಣಿ ನೀರು, ಒಂದು ಟವಲು.

ನಮ್ಮ ನಾಡಿನಲ್ಲಿ ಕಾಲು ಮುಟ್ಟುವುದು ಹೊಸದೇನಲ್ಲ. ಹಿರಿಯರ ಕಾಲಿಗೆ ಬೀಳುತ್ತೇವೆ. ಗುರುಗಳು ಮನೆಗೆ ಬಂದರೆ ಪಾದಪೂಜೆ ಮಾಡುವವರಿದ್ದಾರೆ. ಗುರು ಕೂತಿರುತ್ತಾರೆ, ಶಿಷ್ಯ ಬಾಗುತ್ತಾನೆ. ಆ ರಾತ್ರಿ ಜೆರುಸಲೇಮಿನಲ್ಲಿ ಶಿಷ್ಯರು ಕೂತಿದ್ದರು, ಗುರು ಬಾಗಿದರು. ಊಟದ ನಡುವೆ ಎದ್ದು, ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಒಬ್ಬೊಬ್ಬರ ಕಾಲನ್ನೂ ತೊಳೆದು ಒರೆಸಿದರು. ಆ ಕಾಲಕ್ಕೆ ಅದು ಮನೆಯ ಆಳು ಮಾಡುವ ಕೆಲಸ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಮೂರರಲ್ಲಿ ಆ ರಾತ್ರಿಯ ರೊಟ್ಟಿ ಮತ್ತು ದ್ರಾಕ್ಷಾರಸದ ಕಥೆ ಇದೆ. ಯೊವಾನ್ನರು ಮಾತ್ರ ಅದನ್ನು ಹೇಳದೆ ಕಾಲು ತೊಳೆದದ್ದನ್ನು ಹೇಳುತ್ತಾರೆ. ಅವರಿಗೆ ಅದೇ ಅಷ್ಟು ದೊಡ್ಡದಾಗಿ ಕಂಡಿರಬೇಕು.

ಇದಕ್ಕೆ ಕೆಲವೇ ದಿನ ಮುಂಚೆ ಬೆಥಾನಿಯದಲ್ಲಿ ಲಾಜರನ ತಂಗಿ ಮರಿಯಳು ಯೇಸುವಿನ ಕಾಲಿಗೆ ಸುಗಂಧತೈಲ ಸುರಿದು ತನ್ನ ಕೂದಲಿನಿಂದ ಒರೆಸಿದ್ದಳು. ಅದು ಜಟಾಮಾಂಸಿಯ ತೈಲ. ನಮ್ಮ ಹಿಮಾಲಯದಲ್ಲಿ ಬೆಳೆಯುವ ಬೇರು ಅದು, ಅಷ್ಟು ದೂರ ಹೋಗಿ ಆ ಪಾದ ಸೇರಿತು ಎಂದು ನೆನೆದಾಗಲೆಲ್ಲ ನನಗೆ ಖುಷಿ. ಅದರ ಬೆಲೆ 300 ದಿನಾರಿ. ಕೂಲಿಯವನ ದಿನಗೂಲಿ ಒಂದು ದಿನಾರಿ, ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ದಂಡ ಮಾಡಿದಳು ಎಂದು ಗೊಣಗಿದವನು ಯೂದ, ಆಮೇಲೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ. ಯೇಸು ಅವಳ ಪರ ನಿಂತರು. ತನ್ನ ಕಾಲಿಗೆ ಆ ಹೆಣ್ಣು ತೋರಿಸಿದ ಪ್ರೀತಿಯನ್ನೇ ಅವರು ಆ ಗುರುವಾರ ಹನ್ನೆರಡು ಜನರ ಕಾಲಿಗೂ ಹಂಚಿದರು ಎಂದು ನನ್ನ ನಂಬಿಕೆ.

ಅದರ ನೆನಪಿಗೆ ಪವಿತ್ರ ಗುರುವಾರ ನಮ್ಮೂರ ಚರ್ಚಿನಲ್ಲಿ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಈ ಸಲ ಆ ಸಾಲಿನಲ್ಲಿ ನಮ್ಮಜ್ಜಿಯೂ ಇದ್ದಳು. ಮೊದಲೆಲ್ಲ ಗಂಡಸರನ್ನು ಮಾತ್ರ ಕೂರಿಸುತ್ತಿದ್ದರು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಒಂದು ಬಾಲಬಂದೀಖಾನೆಗೆ ಹೋಗಿ ಹುಡುಗಿಯರ ಕಾಲನ್ನೂ ತೊಳೆದರು. 2016ರಲ್ಲಿ ನಿಯಮವನ್ನೇ ಬದಲಿಸಿದರು. ನಮ್ಮಲ್ಲಿಗೆ ಆ ಗಾಳಿ ಬೀಸಲು ಸ್ವಲ್ಪ ತಡವಾಯಿತು.

ಹೆಸರು ಬಂದಿದೆ ಅಂದಾಗ ಅಜ್ಜಿ ಗಾಬರಿಯಾದಳು. "ಅಯ್ಯೋ, ಈ ಕಾಲ್ನ ಸ್ವಾಮ್ಗಳ ಕೈಗೆ ಕೊಡೋದಾ ಮಗಾ? ಬ್ಯಾಡ ಕಣಪ್ಪ." ಶಿಷ್ಯ ಪೇತ್ರನೂ ಅಂದು ಹಾಗೇ ನನ್ನ ಕಾಲು ತೊಳೆಯಬೇಡಿ ಅಂದಿದ್ದ ಅಲ್ವಾ? ಜೀವನವಿಡೀ ಕಾವೇರಿ ನಾಲೆಯ ಗದ್ದೆಗಳಲ್ಲಿ ನಾಟಿ ಹಾಕಿದ ಕಾಲು ಅದು. ಹಿಮ್ಮಡಿಯಲ್ಲಿ ಬಿರುಕು, ಬಿರುಕಿನಲ್ಲಿ ಹೋಗದ ಕಪ್ಪು. ಬುಧವಾರ ಸಂಜೆ ಹಿತ್ತಲ ಕಲ್ಲಿಗೆ ಉಜ್ಜಿ ಉಜ್ಜಿ ರಕ್ತ ಬರಿಸಿಕೊಂಡಿದ್ದಳು.

ನಮ್ಮ ಶ್ರೀರಂಗಪಟ್ಟಣದ ಸೀಮೆಯಲ್ಲಿ ಹಳಬರು ಪಾದ್ರಿಗಳನ್ನು ಇವತ್ತಿಗೂ ಸ್ವಾಮಿಗಳು ಅಂತಲೇ ಕರೆಯುತ್ತಾರೆ. ಟಿಪ್ಪು ಮಡಿದ ಮೇಲೆ ಈ ಕಡೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಇಲ್ಲಿಯವರಂತೆಯೇ ಬಟ್ಟೆ ತೊಟ್ಟು, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದರು. ಜನರ ಮೈ ಮುಟ್ಟಿ ಸೇವೆ ಮಾಡುವುದು ಇಲ್ಲಿ ಆಗಿನಿಂದಲೂ ಬಂದದ್ದು.

ಅವತ್ತು ಸ್ವಾಮಿಗಳು ಮಂಡಿಯೂರಿದರು. ಅವರೂ ವಯಸ್ಸಾದವರು, ಕೈ ಊರಿಕೊಂಡೇ ಕೂತರು. ಅಜ್ಜಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡರು. ನೀರು ಬಿತ್ತು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಗಾನವೃಂದ ಏನು ಹಾಡುತ್ತಿತ್ತೋ, ಯಾರು ಎಲ್ಲಿ ಕೂತಿದ್ದರೋ, ಒಂದೂ ಗೊತ್ತಿಲ್ಲ. ನೀರು ಬೋಗುಣಿಗೆ ಬೀಳುವ ಸದ್ದು ಇಡೀ ಚರ್ಚನ್ನು ತುಂಬಿಕೊಂಡಿತ್ತು. ಅವರು ಅವಸರ ಮಾಡಲಿಲ್ಲ. ಬಿರುಕುಗಳ ಮೇಲೆ ಟವಲನ್ನು ಮೆತ್ತಗೆ ಒತ್ತಿದರು, ಉಜ್ಜಲಿಲ್ಲ. ಗಾಯ ನೋಡಿದ್ದರು ಅನ್ನಿಸುತ್ತದೆ. ಆಮೇಲೆ ಬಾಗಿ ಆ ಕಾಲಿಗೆ ಮುತ್ತಿಟ್ಟರು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾರ ಯಾರದ್ದೋ ಗದ್ದೆಯಲ್ಲಿ ಬಾಗಿ ಬಾಗಿ ಬೆನ್ನು ಸವೆಸಿದವಳ ಮುಂದೆ ಒಬ್ಬರು ಬಾಗಿದ್ದರು. ನನಗೆ ಅಲ್ಲಿ ಕಂಡದ್ದು ಯೇಸುಸ್ವಾಮಿಯೇ.

ಅವಳ ಪಕ್ಕದಲ್ಲಿ ಕೂತಿದ್ದವರು ಒಬ್ಬ ನೆಂಟರು. ಬದು ಒತ್ತಿದ ತಕರಾರಿನಿಂದ ನಮ್ಮೆರಡು ಮನೆಗೆ ಬಹಳ ಕಾಲದಿಂದ ಮಾತಿಲ್ಲ. ಅದೇ ನೀರು ಅವರ ಕಾಲಿಗೂ ಬಿತ್ತು. ನನಗೆ ಒಳಗೆ ಚುರುಕ್ ಅಂದಿತು. ಆಗ ಯೂದನ ನೆನಪಾಯಿತು. ಯೂದ ಎದ್ದು ಕತ್ತಲಿಗೆ ಹೋದದ್ದು ಆಮೇಲೆ. ಕಾಲು ತೊಳೆಯುವಾಗ ಅವನೂ ಅಲ್ಲೇ ಕೂತಿದ್ದ. ಹಿಡಿದುಕೊಡುತ್ತಾನೆ ಎಂದು ಗೊತ್ತಿದ್ದೂ ಯೇಸು ಅವನ ಕಾಲನ್ನು ಬಿಡಲಿಲ್ಲ. ನನ್ನ ವಿಶ್ವಾಸದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಜಾಸ್ತಿ ಪ್ರೀತಿ ಇರುವುದೂ ಇದರ ಮೇಲೆಯೇ. ಬದುವಿನ ವಿಚಾರ ಇನ್ನೂ ಬಗೆಹರಿದಿಲ್ಲ. ಆದರೆ ಅಜ್ಜಿ ಪಾಸ್ಕದ ದಿನ ಬೆಳಿಗ್ಗೆಯೇ ಅವರ ಮನೆಗೆ ಊಟ ಕಳಿಸಿದಳು. ಕೊಂಡೊಯ್ದವನು ನಾನೇ.

ಒಂದು ಬೇಸರವನ್ನೂ ಹೇಳಬೇಕು. ಗುರುವಾರ ಮಹಿಮಾ ಗೀತೆಯಾದ ಮೇಲೆ ಪಾಸ್ಕದ ಜಾಗರಣೆಯವರೆಗೆ ಗಂಟೆ ಬಾರಿಸುವುದಿಲ್ಲ. ನಾವು ಹುಡುಗರಾಗಿದ್ದಾಗ ಮರದ ಗಿಲಕಿ ಆಡಿಸುತ್ತಾ ಬೀದಿ ಬೀದಿ ಸುತ್ತಿ ಜನರನ್ನು ಪ್ರಾರ್ಥನೆಗೆ ಕರೆಯುತ್ತಿದ್ದೆವು. ಈಗ ಮೊಬೈಲಿಗೆ ಮೆಸೇಜು ಬರುತ್ತದೆ. ಹೋಗಲಿ. ಆದರೆ ಕಾಲು ತೊಳೆಯುವಾಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಯಾಕೆ? ಪೂಜೆ ಮುಗಿದ ಕೂಡಲೇ ಗಾಡಿ ಸ್ಟಾರ್ಟ್ ಮಾಡುವುದು ಯಾಕೆ? ಆ ರಾತ್ರಿ ಊಟದ ಮೇಲೆ ಗೆತ್ಸೆಮನೆ ತೋಟದಲ್ಲಿ ಯೇಸು ಶಿಷ್ಯರನ್ನು ಕೇಳಿದ್ದು ಒಂದು ಗಂಟೆ ಎಚ್ಚರವಿರಿ ಅಂತ, ಅಷ್ಟೇ. ಮಧ್ಯರಾತ್ರಿಯ ಆರಾಧನೆಗೆ ಉಳಿಯುವವರು ಈಗ ಅಜ್ಜಿಯ ವಯಸ್ಸಿನವರೇ.

ಆ ಹನ್ನೆರಡು ಕುರ್ಚಿಗಳಿಗೂ ಎಷ್ಟೋ ಕಡೆ ಸಮಿತಿಯವರದೇ ಹೆಸರು ಬರುತ್ತದೆ. ಅವರ ಸೇವೆ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮೂರಲ್ಲಿ ಮುಂದಿನ ಸಲ ಪಟ್ಟಿ ಬರೆಯುವಾಗ ಗಾರೆ ಕೆಲಸದವರನ್ನು, ಬೀದಿ ಗುಡಿಸುವ ತಾಯಂದಿರನ್ನು, ಯಾವತ್ತೂ ಹಿಂದಿನ ಬೆಂಚಿನಲ್ಲೇ ಕೂರುವವರನ್ನು ನೆನಪಿಸಿಕೊಳ್ಳಿ. ಅವರು ಬೇಡ ಅಂದೇ ಅನ್ನುತ್ತಾರೆ. ಇನ್ನೊಂದು ಸಲ ಕೇಳಿ.