ರಸ್ತೆಗೆ ಸುರಿಯುವ ಬದಲು ಬಡವರಿಗೆ ಕೊಡಬಾರದೇ?

ನಮ್ಮದು ಕೋಲಾರ ಜಿಲ್ಲೆಯಲ್ಲಿ ಟೊಮೆಟೊ ಬೆಳೆಯುವ ಮನೆ ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಬೆಲೆ ಬಿದ್ದ ವಾರ ಟಿವಿಯಲ್ಲಿ ಹೆದ್ದಾರಿ ಪಕ್ಕದ ಕೆಂಪು ರಾಶಿಯನ್ನು ತೋರಿಸುತ್ತಾರೆ. ಸಂಜೆಯ ಹೊತ್ತಿಗೆ ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ಕೇಳುವವರು ಕೆಟ್ಟವರಲ್ಲ. ಆದರೆ ಆ ಧಾಟಿಯನ್ನು ನನಗೆ ಸಹಿಸಲಾಗುವುದಿಲ್ಲ. ಅನ್ನದ ಬೆಲೆ ಗೊತ್ತಿಲ್ಲದವರು ನಾವು ಎಂಬ ತೀರ್ಮಾನಕ್ಕೆ ಬಂದ ಮೇಲೆಯೇ ಅವರು ಕೇಳುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಮೊದಲು, ರಸ್ತೆಯೇ ಏಕೆ? ರೇಟು ಎಷ್ಟೆಂದು ನಮಗೆ ತಿಳಿಯುವುದು ಹರಾಜಿನಲ್ಲಿ, ಅದಕ್ಕೂ ಮೊದಲು ಅಲ್ಲ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ವ್ಯಾಪಾರವೆಲ್ಲ ಹದಿನೈದು ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ಕೂಲಿ ಕೊಟ್ಟು ಕೀಳಿಸಿ, ಆರಿಸಿ, ಬಾಕ್ಸ್ ತುಂಬಿ, ಗಾಡಿ ಬಾಡಿಗೆ ಕೊಟ್ಟು ಮಂಡಿಗೆ ಇಳಿಸಿದ ಮೇಲೆ ಹರಾಜು ಕೂಗುವವರು ಬಂದು ‘ಮೂವತ್ತು’ ಎನ್ನುತ್ತಾರೆ. ಬಾಕ್ಸಿಗೆ ಮೂವತ್ತು, ಅಂದರೆ ಕೆ.ಜಿ.ಗೆ ಎರಡು ರೂಪಾಯಿ. ಆ ದುಡ್ಡಿನಲ್ಲಿ ಕೀಳಿಸಿದ ಕೂಲಿಯೂ ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ. ಒಂದೊಂದು ದಿನ ಕೂಗುವವರೇ ಇರುವುದಿಲ್ಲ. ಮಾಲನ್ನು ಊರಿಗೆ ವಾಪಸ್ ತಂದರೆ ಇನ್ನೊಂದು ಬಾಡಿಗೆ. ಹಣ್ಣಾದ ಟೊಮೆಟೊವನ್ನು ಆಲೂಗಡ್ಡೆಯಂತೆ ತಿಂಗಳುಗಟ್ಟಲೆ ಇಡಲೂ ಆಗದು. ಬಿಸಿಲಿಗೆ ಎರಡು ದಿನ ಸಿಕ್ಕರೆ ಕೆಳಗಿನ ಬಾಕ್ಸಿನಿಂದ ನೀರು ಸೋರತೊಡಗುತ್ತದೆ. ನಾಳೆಯ ಕೊಯ್ಲಿಗೆ ಅದೇ ಬಾಕ್ಸ್ ಖಾಲಿಯಾಗಬೇಕು. ರಸ್ತೆಯ ರಾಶಿ ಹುಟ್ಟುವುದು ಹೀಗೆ.

‘ಹಾಗಾದರೆ ಕೀಳದೇ ಬಿಡಿ’ ಎನ್ನುತ್ತಾರೆ. ಗಿಡದಲ್ಲೇ ಬಿಟ್ಟರೆ ಹಣ್ಣು ಕೊಳೆತು ರೋಗ ಹಬ್ಬುತ್ತದೆ, ಮುಂದಿನ ಕೊಯ್ಲೂ ಹೋಗುತ್ತದೆ. ಮುಂದಿನ ವಾರವಾದರೂ ರೇಟು ಏಳಬಹುದೆಂದು ಕೀಳಿಸುತ್ತೇವೆ. ನಮ್ಮ ತೋಟಕ್ಕೆ ಬರುವ ಹೆಂಗಸರ ಕೈಗಳನ್ನು ಒಮ್ಮೆ ನೋಡಿ. ಗಿಡದ ಅಂಟು ಹತ್ತಿ ಬೆರಳುಗಳು ಹಸಿರುಗಪ್ಪಾಗಿರುತ್ತವೆ. ಸೋಪು ಹಚ್ಚಿ ಉಜ್ಜಿದರೆ ಹಳದಿ ನೊರೆ ಇಳಿಯುತ್ತದೆ, ಊಟಕ್ಕೆ ಕುಳಿತಾಗಲೂ ಆ ಘಾಟು ಹೋಗಿರುವುದಿಲ್ಲ. ಟೊಮೆಟೊ ಎರಡು ರೂಪಾಯಿಯಾದ ದಿನ ಅವರಿಗೆ ಕೂಲಿ ಕಡಿಮೆ ಕೊಡಲು ಬರುತ್ತದೆಯೇ? ಅವರೂ ಬಡವರೇ. ಬಡವರಿಗೆ ಕೊಡಿ ಎಂದು ಫೋನು ಮಾಡುವ ಯಾರಿಗೂ ಅವರ ನೆನಪು ಬರುವುದಿಲ್ಲ.

ಒಂದು ಸಲ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘವೊಂದರಿಂದ ಫೋನು ಬಂತು. ‘ದಯವಿಟ್ಟು ಸುರಿಯಬೇಡಿ, ನಮಗೆ ಕೊಡಿ, ನಾವು ಬಡವರಿಗೆ ಹಂಚುತ್ತೇವೆ’ ಎಂದರು. ನನಗೆ ನಿಜವಾಗಿಯೂ ಖುಷಿಯಾಯಿತು. ‘ಬನ್ನಿ, ಎಷ್ಟು ಬೇಕಾದರೂ ತೆಗೆದುಕೊಂಡು ಹೋಗಿ’ ಎಂದೆ. ಅವರು ಬರುವುದಿಲ್ಲವಂತೆ. ಭಾನುವಾರ ಬೆಳಿಗ್ಗೆ ಒಂಬತ್ತರೊಳಗೆ ನಾವೇ ಗೇಟಿಗೆ ತಲುಪಿಸಬೇಕು, ಮೆತ್ತಗಾದದ್ದು ಇರಬಾರದು, ಬಾಕ್ಸ್ ವಾಪಸ್ ಬೇಕಿದ್ದರೆ ನಿಂತು ಖಾಲಿ ಮಾಡಿಸಿಕೊಂಡು ಹೋಗಬೇಕು. ‘ಹಣ್ಣಿಗೆ ದುಡ್ಡು ಬೇಡ, ಕೀಳಿಸುವ ಕೂಲಿ ಮತ್ತು ಗಾಡಿ ಬಾಡಿಗೆ ಕೊಡುತ್ತೀರಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹೇಗೂ ಸುರಿಯುತ್ತೀರಲ್ಲ, ಅದಕ್ಕೂ ದುಡ್ಡು ಕೇಳುತ್ತೀರಾ?’ ಎಂದರು. ಆ ದಿನದ ಸಿಟ್ಟು ಇನ್ನೂ ಇಳಿದಿಲ್ಲ. ಸಾಲ ಮಾಡಿ ಸಸಿ, ಗೊಬ್ಬರ, ಹನಿ ನೀರಾವರಿ ಪೈಪು, ಆಸರೆ ಕೋಲು, ದಾರ ಎಲ್ಲವನ್ನೂ ತಂದವನೇ ದಾನದ ಸಾಗಣೆ ಖರ್ಚನ್ನೂ ಹೊರಬೇಕು. ಹೊರದಿದ್ದರೆ ಕರುಣೆ ಇಲ್ಲದವನು. ಇದು ಯಾವ ನ್ಯಾಯ?

ನಾವು ಕೊಡುವುದಿಲ್ಲ ಎಂದು ಯಾರು ಹೇಳಿದರು? ಊರಿನವರು, ಹಾಸ್ಟೆಲಿನವರು, ಅನ್ನದಾನ ನಡೆಸುವ ದೇವಸ್ಥಾನದವರು ಬಂದು ಚೀಲ ತುಂಬಿಕೊಂಡು ಹೋಗುತ್ತಾರೆ. ಅದು ಟಿವಿಯಲ್ಲಿ ಬರುವುದಿಲ್ಲ.

ಇನ್ನೊಂದು ಸಲಹೆ, ಕೆಚಪ್ ಕಾರ್ಖಾನೆಗೆ ಕೊಡಿ ಎನ್ನುವುದು. ದೂರದೂರಿಗೆ ಲಾರಿಯಲ್ಲಿ ಹೋಗಿಯೂ ಒಡೆಯದಂತಹ ಹೈಬ್ರಿಡ್ ತಳಿಗಳು ನಮ್ಮವು. ಕಾರ್ಖಾನೆಗೆ ಬೇಕಾದದ್ದು ತಿರುಳು ಗಟ್ಟಿ ಇರುವ ಬೇರೆ ತಳಿ. ಅದನ್ನು ನಾಟಿಗೆ ಮೊದಲೇ ಯೋಚಿಸಬೇಕು, ಬೆಲೆ ಬಿದ್ದ ವಾರ ನೆನಪಾದರೆ ಆಗುವ ಕೆಲಸವಲ್ಲ.

2023ರ ಜುಲೈ ನಿಮಗೆ ನೆನಪಿರಬೇಕು. ಕೋಲಾರದಲ್ಲಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಬೇಲೂರು ತಾಲ್ಲೂಕಿನಲ್ಲಿ ತೋಟದಿಂದಲೇ ಟೊಮೆಟೊ ಕಳವಾಯಿತು. ಆಗ ಸರ್ಕಾರ ಎಷ್ಟು ಚುರುಕಾಗಿತ್ತು! ಸಹಕಾರ ಸಂಸ್ಥೆಗಳಾದ ನಾಫೆಡ್ ಮತ್ತು ಎನ್‌ಸಿಸಿಎಫ್ ಮೂಲಕ ಕೇಂದ್ರವು ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಖರೀದಿಸಿ ದೆಹಲಿಯಲ್ಲಿ ವ್ಯಾನುಗಳಲ್ಲಿ ಕೆ.ಜಿ.ಗೆ 90 ರೂಪಾಯಿಯಂತೆ ಮಾರಿಸಿತು, ಆಮೇಲೆ ಇನ್ನೂ ಇಳಿಸಿತು. ಆಗಸ್ಟಿನಲ್ಲಿ ನೇಪಾಳದಿಂದ ಆಮದಿಗೂ ಮುಂದಾಯಿತು. ಕೊಳ್ಳುವವರ ಕಷ್ಟಕ್ಕೆ ಸರ್ಕಾರ ಸ್ಪಂದಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಸಾರಿಗೆ ಟೊಮೆಟೊ ಎಲ್ಲರಿಗೂ ಬೇಕು. ಆದರೆ ಸೆಪ್ಟೆಂಬರ್ ಹೊತ್ತಿಗೆ ದೇಶದ ಹಲವೆಡೆ ಬೆಲೆ ನೆಲ ಕಚ್ಚಿದಾಗ ಆ ಚುರುಕು ಎಲ್ಲಿತ್ತು? ಟೊಮೆಟೊಗೆ ಬೆಂಬಲ ಬೆಲೆ ಇಲ್ಲ. ಟೊಮೆಟೊ, ಈರುಳ್ಳಿ, ಆಲೂಗಡ್ಡೆಯ ಏರಿಳಿತ ತಡೆಯಲೆಂದೇ 2018ರ ಕೇಂದ್ರ ಬಜೆಟ್‌ನಲ್ಲಿ 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಘೋಷಿಸಿದರು. ಆದರೂ ರಸ್ತೆಯಲ್ಲಿ ರಾಶಿಗಳು ಬೀಳುವುದು ನಿಂತಿಲ್ಲ. ನೀವು ಕೊಡುವ ದುಡ್ಡಿನಲ್ಲಿ ಟೊಮೆಟೊ ಬೆಳೆದವನಿಗೆ ತಲುಪುವುದು ಮೂರನೇ ಒಂದು ಭಾಗದಷ್ಟು ಎಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನವೇ ಹೇಳುತ್ತದೆ.

ನನ್ನನ್ನು ಯಾರಾದರೂ ಇದನ್ನು ಕೇಳಬೇಕಿತ್ತು: ಈ ವಾರ ಜಿಲ್ಲೆಯಲ್ಲಿ ಎಷ್ಟು ಸಸಿ ನಾಟಿಯಾಗಿದೆ ಎಂದು ಬೆಳೆಗಾರನಿಗೆ ಯಾರು ಹೇಳುತ್ತಾರೆ? ಯಾರೂ ಹೇಳುವುದಿಲ್ಲ. ರೇಟು ಏರಿದ ವಾರ ಎಲ್ಲರೂ ನರ್ಸರಿಗೆ ಓಡುತ್ತೇವೆ. ನಾಟಿ ಮಾಡಿ ಸುಮಾರು ಎರಡೂವರೆ ತಿಂಗಳಿಗೆ ಎಲ್ಲರ ತೋಟವೂ ಒಟ್ಟಿಗೆ ಕೊಯ್ಲಿಗೆ ಬರುತ್ತದೆ. ಪಕ್ಕದ ತಾಲ್ಲೂಕಿನವನು ಎಷ್ಟು ಹಾಕಿದ್ದಾನೆಂದು ಗೊತ್ತಿದ್ದರೆ ನಾನು ಅರ್ಧ ಎಕರೆಗೆ ಬೀನ್ಸ್ ಹಾಕುತ್ತಿದ್ದೆ. ಹೈಬ್ರಿಡ್ ಟೊಮೆಟೊ ಸಸಿ ಬಹುಪಾಲು ಬರುವುದು ನರ್ಸರಿಗಳಿಂದ. ಯಾವ ವಾರ ಎಷ್ಟು ಟ್ರೇ ಸಸಿ ಹೋಯಿತು ಎಂಬ ಲೆಕ್ಕ ಅವರ ಪುಸ್ತಕದಲ್ಲಿ ಇರುತ್ತದೆ. ತೋಟಗಾರಿಕೆ ಇಲಾಖೆ ಅದನ್ನು ಕೂಡಿಸಿ, ಪ್ರತಿ ಸೋಮವಾರ ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಗೆ ಒಂದು ಹಾಳೆ ಅಂಟಿಸಲಿ, ನಮ್ಮ ಮೊಬೈಲಿಗೆ ಒಂದು ಸಂದೇಶ ಕಳುಹಿಸಲಿ. ಅಷ್ಟಕ್ಕೆ ಬೆಲೆ ಬೀಳುವುದು ಪೂರ್ತಿ ನಿಲ್ಲುವುದಿಲ್ಲ, ಮಳೆಯೂ ರೋಗವೂ ನಮ್ಮ ಕೈಯಲ್ಲಿಲ್ಲ. ಆದರೆ ಕಣ್ಣು ಕಟ್ಟಿಕೊಂಡು ನಾಟಿ ಮಾಡುವುದಾದರೂ ತಪ್ಪುತ್ತದೆ. ನನಗೆ ಫೋನು ಮಾಡುವ ಮೊದಲು ನಿಮ್ಮ ಶಾಸಕರಿಗೊಂದು ಫೋನು ಮಾಡಿ, ಆ ಹಾಳೆ ಯಾವಾಗ ಬರುತ್ತದೆ ಎಂದು ಕೇಳಿ.