‘ನನ್ನ ಬೆರಳಿಗೆ ಗಿಟಾರ್ ಆಗಿಬರಲ್ವಾ?’ ಎಂದು ಕೇಳುವವರಿಗೆ

ಗಿಟಾರ್ ತಗೊಂಡು ಮೂರ್ನಾಲ್ಕು ವಾರ ಆದಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ‘ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಬರೀ ಟಪ್ ಟಪ್ ಅನ್ನುತ್ತದೆ. ನನ್ನ ಬೆರಳೇ ದಪ್ಪ, ನನಗೆ ಇದು ಆಗಿಬರಲ್ವಾ?’ ಇಲ್ಲೇ ಕಾರವಾರದ ಕೋಡಿಬಾಗದ ಕಾಲೇಜು ಹುಡುಗನೂ ಕೇಳುತ್ತಾನೆ, ರಿಟೈರ್ ಆದಮೇಲೆ ಆಸೆಪಟ್ಟು ಗಿಟಾರ್ ತಂದ ಶಿರಸಿ ಕಡೆಯ ಮಾಸ್ತರರೂ ಕೇಳುತ್ತಾರೆ. ನಾನು ಹೇಳುವುದಿಷ್ಟೇ: ಬೆರಳನ್ನು ಬೈಯುವ ಮೊದಲು ಆ ಗಿಟಾರನ್ನು ಸ್ವಲ್ಪ ನೋಡಿ.

ಮಕ್ಕಳ ಸ್ಕೇಲ್ ತಗೊಂಡು ಹನ್ನೆರಡನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿ) ಹತ್ತಿರ ಇಡಿ. ಎಲ್ಲಕ್ಕಿಂತ ದಪ್ಪ ತಂತಿ ಫ್ರೆಟ್‌ನಿಂದ ಎಷ್ಟು ಮೇಲಿದೆ? 2.5ರಿಂದ 3 ಮಿ.ಮೀ. ಆಸುಪಾಸಿನಲ್ಲಿದ್ದರೆ ತಕರಾರಿಲ್ಲ. 4 ದಾಟಿದ್ದರೆ ಪಳಗಿದ ಕೈಗೂ ಕಷ್ಟ, ನಿಮ್ಮದಂತೂ ಹೊಸ ಕೈ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಇದು ಸಾಮಾನ್ಯ. ಗಿಟಾರ್ ಸೆಟಪ್ ಮಾಡುವವರ, ಅಂದರೆ ತಂತಿಯ ಎತ್ತರ ಹೊಂದಿಸಿಕೊಡುವವರ ಹತ್ತಿರ ಕೊಟ್ಟರೆ ಇಳಿಸಿಕೊಡುತ್ತಾರೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಕಾಟ ಬೇರೆ. ಜೂನ್ ಕಳೆಯುತ್ತಿದ್ದಂತೆ ಮರ ತೇವ ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ‘ಮೇ ತಿಂಗಳಲ್ಲಿ ಚೆನ್ನಾಗಿ ಬರ್ತಿತ್ತು, ಈಗ ಒತ್ತೋಕೇ ಆಗಲ್ಲ’ ಅಂದರೆ ಹೆಚ್ಚಾಗಿ ಕಾರಣ ಇದೇ. ಮೇಲಿಂದ ಸಮುದ್ರದ ಉಪ್ಪುಗಾಳಿ. ಗೋಡೆಗೆ ಮೊಳೆ ಹೊಡೆದು ಗಿಟಾರ್ ನೇತುಹಾಕಿದರೆ ನೋಡಲು ಚೆಂದ ನಿಜ, ಆದರೆ ಸ್ಟೀಲ್ ತಂತಿಗೆ ಬೇಗ ತುಕ್ಕು ಹಿಡಿದು ಬೆರಳು ಜಾರುವ ಬದಲು ಗರಗರ ಅನ್ನುತ್ತದೆ. ನುಡಿಸಿ ಆದಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಿ, ಚೀಲಕ್ಕೆ ಹಾಕಿ ಜಿಪ್ ಎಳೆದಿಡಿ. ತುಕ್ಕು ಹಿಡಿದ ತಂತಿಯನ್ನು ಉಜ್ಜುತ್ತಾ ಕೂರಬೇಡಿ, ಹೊಸ ಸೆಟ್ ಹಾಕಿ. ಅಂಗಡಿಯಲ್ಲಿ ‘ಎಕ್ಸ್‌ಟ್ರಾ ಲೈಟ್’ ಕೇಳಿ, ತೆಳು ಇರುತ್ತದೆ, ಕಡಿಮೆ ಒತ್ತಿದರೂ ಸಾಕು.

ಗಿಟಾರ್ ಸರಿ ಇದೆ ಅಂತಾದರೆ ಆಮೇಲೆ ಕೈ ನೋಡೋಣ. ಟಪ್ ಅನ್ನುವುದು ಒತ್ತಿದ್ದು ಸಾಲದೆ ಅಂತ ಎಲ್ಲರೂ ಅಂದುಕೊಂಡು ಜೀವ ಬಿಟ್ಟು ಒತ್ತುತ್ತಾರೆ. ಜಾಗ ತಪ್ಪಿರುತ್ತದೆ ಅಷ್ಟೇ. ಎರಡು ಫ್ರೆಟ್‌ಗಳ ನಟ್ಟನಡುವೆ ಅಲ್ಲ, ಮುಂದಿನ ಲೋಹದ ಪಟ್ಟಿಗೆ ತಾಗಿಯೂ ತಾಗದ ಹಾಗೆ, ಅದರ ಬೆನ್ನಿಗೇ ಬೆರಳು ಬೀಳಬೇಕು. ಅಲ್ಲಿ ಅರ್ಧ ಬಲ ಸಾಕು. ಬೆರಳು ಮಲಗಬಾರದು, ತುದಿಯಲ್ಲಿ ನಿಲ್ಲಬೇಕು. ಮಲಗಿದರೆ ಪಕ್ಕದ ತಂತಿಯ ಬಾಯಿ ಮುಚ್ಚುತ್ತದೆ. ಎಡಗೈ ಉಗುರು ಕತ್ತರಿಸಿರಬೇಕು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಕಾರ್ಡ್ ಹಿಡಿದಮೇಲೆ ಒಮ್ಮೆಲೇ ಗೀರಬೇಡಿ. ಒಂದೊಂದೇ ತಂತಿ ಮೀಟಿ ನೋಡಿ, ಯಾವುದು ಸತ್ತಿದೆ ಅಂತ ತಿಳಿಯುತ್ತದೆ, ಆ ಬೆರಳೊಂದನ್ನೇ ಸರಿಮಾಡಿ.

ಶುರು ಎಲ್ಲಿಂದ? ತುಂಬಾ ಜನ ಸಿ ಮೇಜರ್‌ನಿಂದ ಶುರುಮಾಡಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ಮೊದಲ ದಿನವೇ ಮೂರು ಬೆರಳು ಮೂರು ದಿಕ್ಕು. ನಾನು ಇ ಮೈನರ್ ಹಿಡಿಸುತ್ತೇನೆ. ಐದನೇ ತಂತಿಯ ಎರಡನೇ ಫ್ರೆಟ್‌ಗೆ ನಡುಬೆರಳು, ನಾಲ್ಕನೇ ತಂತಿಯ ಎರಡನೇ ಫ್ರೆಟ್‌ಗೆ ಉಂಗುರಬೆರಳು, ಮುಗಿಯಿತು, ಆರೂ ತಂತಿ ಗೀರಬಹುದು. (ತಂತಿಯನ್ನು ಕೆಳಗಿನಿಂದ ಎಣಿಸಬೇಕು, ತೆಳ್ಳಗಿನದು ಒಂದನೇದು. ಇದೊಂದು ಉಲ್ಟಾ ಆಗಿ ಎಷ್ಟೋ ಜನ ಸುಮ್ನೆ ವಾರಗಟ್ಟಲೆ ಒದ್ದಾಡುತ್ತಾರೆ.) ಈಗ ಆ ಎರಡೂ ಬೆರಳನ್ನು ಹಾಗೇ ಒಂದು ತಂತಿ ಕೆಳಗಿಳಿಸಿ, ಎರಡನೇ ತಂತಿಯ ಮೊದಲ ಫ್ರೆಟ್‌ಗೆ ತೋರುಬೆರಳು ಇಡಿ, ಎ ಮೈನರ್ ಆಯಿತು. ಅಲ್ಲಿಂದ ತೋರುಬೆರಳು, ನಡುಬೆರಳು ಅಲ್ಲಾಡಿಸದೆ ಉಂಗುರಬೆರಳೊಂದನ್ನು ಎತ್ತಿ ಐದನೇ ತಂತಿಯ ಮೂರನೇ ಫ್ರೆಟ್‌ಗೆ ಹಾಕಿದರೆ ಅದೇ ಸಿ ಮೇಜರ್. ಈ ದಾರಿಯಲ್ಲಿ ಬಂದವರಿಗೆ ಸಿ ಕಷ್ಟ ಅಂತ ಅನ್ನಿಸುವುದೇ ಇಲ್ಲ. ಆಮೇಲೆ ಜಿ, ಡಿ.

ಒಂದೊಂದು ಕಾರ್ಡನ್ನೂ ಬಿಡಿಬಿಡಿಯಾಗಿ ಹಿಡಿದು ಕೂತರೆ ಪ್ರಯೋಜನ ಕಡಿಮೆ. ಹಾಡು ನಿಲ್ಲುವುದು ಒಂದರಿಂದ ಇನ್ನೊಂದಕ್ಕೆ ಹೋಗುವಾಗ. ಹಾಗಾಗಿ ಎರಡು ಕಾರ್ಡ್ ಆರಿಸಿ, ಮೊಬೈಲಿನಲ್ಲಿ ಒಂದು ನಿಮಿಷ ಹಚ್ಚಿ, ಎಷ್ಟು ಸಲ ಬದಲಾಯಿಸಿದಿರಿ ಎಣಿಸಿ. ದಿನಾ ಹದಿನೈದು ನಿಮಿಷ ಸಾಕು. ಭಾನುವಾರ ಒಂದೇ ದಿನ ಎರಡು ತಾಸು ಕೂತರೆ ಬೆರಳ ತುದಿ ಉರಿದು ಸೋಮವಾರ ಗಿಟಾರ್ ಮುಟ್ಟಲು ಮನಸ್ಸು ಬರುವುದಿಲ್ಲ. ಆ ಉರಿ ಕೆಲವು ವಾರ ಇರುತ್ತದೆ, ತುದಿ ಗಟ್ಟಿಯಾದಮೇಲೆ ಹೋಗುತ್ತದೆ. ಪಾತ್ರೆ ತೊಳೆದು ಒದ್ದೆ ಕೈಯಲ್ಲಿ ಬಂದು ಕೂರಬೇಡಿ, ಮೆತ್ತಗಾದ ಚರ್ಮ ಕಿತ್ತುಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಹಾರ್ಮೋನಿಯಂ ಇರುವ ಮನೆಗಳಿಗೇನು ಬರವಿಲ್ಲ. ಅವರಿಗೆ ಕಾರ್ಡ್ ಅಂದರೆ ಎಂತ ಅಂತ ಒಂದೇ ನಿಮಿಷದಲ್ಲಿ ತೋರಿಸಬಹುದು. ಬಿಳಿ ಒಂದನ್ನು (ಅಂದರೆ ಸಿ ಮನೆಯನ್ನು) ಸಾ ಮಾಡಿಕೊಂಡು ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ, ಸಿ ಮೇಜರ್. ಗ ಬದಲು ಕೋಮಲ ಗ ಒತ್ತಿ, ಸಿ ಮೈನರ್. ಬಿಳಿ ಮೂರು ಸಾ ಆದರೆ ಅದೇ ಕೋಮಲ ಗ ಹಚ್ಚಿ ಇ ಮೈನರ್. ಗಿಟಾರಿನ ಆರು ತಂತಿಯಲ್ಲೂ ಇರುವುದು ಇವೇ ಮೂರು ಸ್ವರ, ಮೇಲೆ ಕೆಳಗೆ ಮತ್ತೆ ಮತ್ತೆ.

ಇನ್ನು ಎಫ್. ತೋರುಬೆರಳೊಂದರಲ್ಲಿ ಆರೂ ತಂತಿ ಒತ್ತುವ ಈ ಕಾರ್ಡಿಗೆ ಹೆದರಿ ಗಿಟಾರ್ ಮೂಲೆಗಿಟ್ಟವರೇ ಜಾಸ್ತಿ. ಸದ್ಯಕ್ಕೆ ಬೇಡ. ಎರಡನೇ ತಂತಿಯ ಒಂದನೇ ಫ್ರೆಟ್, ಮೂರನೇದರ ಎರಡನೇ ಫ್ರೆಟ್, ನಾಲ್ಕನೇದರ ಮೂರನೇ ಫ್ರೆಟ್ ಒತ್ತಿ, ಕೆಳಗಿನ ನಾಲ್ಕೇ ತಂತಿ ಗೀರಿ. ಎಫ್ ಮೇಜರ್ ಸೆವೆನ್ ಅನ್ನುತ್ತಾರೆ, ಸಿಯಲ್ಲಿ ಹಾಡುವಾಗ ಹೆಚ್ಚಿನ ಕಡೆ ಎಫ್ ಜಾಗದಲ್ಲಿ ನಡೆದುಹೋಗುತ್ತದೆ.

ಜೊತೆಗೊಂದು ಕ್ಯಾಪೊ ತಗೊಳ್ಳಿ, ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ ಅದು. ಮೊದಲ ಫ್ರೆಟ್‌ಗೆ ಕಚ್ಚಿಸಿ ಸಿ ಹಿಡಿದರೆ ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಹಾಡುವ ಅಣ್ಣನಿಗೆ ಸರಿಹೋಗುತ್ತದೆ, ಅಲ್ಲೇ ಇಟ್ಟು ಜಿ ಹಿಡಿದರೆ ಕಪ್ಪು ನಾಲ್ಕರಲ್ಲಿ ಹಾಡುವ ಅಕ್ಕನಿಗೆ. ಹಚ್ಚಿದ ಮೇಲೆ ಒಮ್ಮೆ ಟ್ಯೂನ್ ನೋಡಿಕೊಳ್ಳಿ, ಕ್ಯಾಪೊ ತಂತಿಯನ್ನು ಸ್ವಲ್ಪ ಎಳೆಯುತ್ತದೆ.