ರಸಮಂಜರಿ ವೇದಿಕೆಗೂ ರೆಕಾರ್ಡಿಂಗ್ ಕೋಣೆಗೂ ಒಂದೇ ಗಿಟಾರ್: ಮಲೆನಾಡಿನಲ್ಲಿ ಲ್ಯೂಕ್

ರಸಮಂಜರಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಒಂದೇ ರಾತ್ರಿಯಲ್ಲಿ ಮೂರು ನಾಲ್ಕು ಗಿಟಾರ್‌ಗಳ ಕೆಲಸ ಮಾಡಬೇಕು. ಹಳೆಯ ಪ್ರೇಮಗೀತೆಗೆ ತಿಳಿಯಾದ ಕಾರ್ಡ್, ಅದರ ಬೆನ್ನಿಗೇ ಕುಣಿತದ ಹಾಡಿಗೆ ಚುರುಕು ರಿದಂ, ಆಮೇಲೆ ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಎಫೆಕ್ಟ್) ಹಾಕಿದ ಲೀಡ್. ನಿರೂಪಕರು ಮಾತಾಡಿ ಮುಗಿಸುವಷ್ಟೇ ಬಿಡುವು. ಶಿವಮೊಗ್ಗದ ಗಣಪತಿ ಪೆಂಡಾಲ್ ಇರಲಿ, ಸಾಗರದ ಮಾರಿಜಾತ್ರೆ ಇರಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಇರಲಿ, ಇದೇ ಪಾಡು. ಮರುದಿನ ಅದೇ ಗಿಟಾರ್ ಮನೆಯ ಕೋಣೆಯಲ್ಲಿ ಭಾವಗೀತೆಯ ಟ್ರ್ಯಾಕ್‌ಗೆ ಕೂರಬೇಕು.

ಇಂಥ ದುಡಿಮೆಗೆಂದೇ ರೂಪುಗೊಂಡ ಸಿಗ್ನೇಚರ್ ಗಿಟಾರ್ (ಒಬ್ಬ ಕಲಾವಿದರಿಗೆಂದು ಮಾಡಿದ ಮಾದರಿ) ಎಂದರೆ ನನ್ನ ಮಟ್ಟಿಗೆ ಮ್ಯೂಸಿಕ್ ಮ್ಯಾನ್ ಕಂಪನಿಯ ಲ್ಯೂಕ್. ಅಮೆರಿಕದ ರಾಕ್ ತಂಡ ಟೋಟೊದ ಗಿಟಾರ್ ವಾದಕ ಸ್ಟೀವ್ ಲುಕಾಥರ್‌ಗಾಗಿ 1993ರಲ್ಲಿ ಬಂತು. ವೇದಿಕೆಯ ಜತೆಗೆ ಲಾಸ್ ಏಂಜಲೀಸ್‌ನ ಸ್ಟುಡಿಯೊಗಳಲ್ಲಿ ಬೇರೆಯವರ ಹಾಡುಗಳಿಗೆ ನುಡಿಸಿ ಬೆಳೆದವರು ಅವರು. ಗಿಟಾರ್‌ನಲ್ಲಿ ಅದು ಕಾಣುತ್ತದೆ: ಆಲ್ಡರ್ ಮರದ ಬಾಡಿ, ಮೇಪಲ್ ನೆಕ್, 25.5 ಇಂಚು ಸ್ಕೇಲ್ (ತಂತಿಯ ನುಡಿಯುವ ಉದ್ದ), 22 ಫ್ರೆಟ್ (ನೆಕ್ ಮೇಲಿನ ಲೋಹದ ಗೆರೆ). ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಮೂರು: ಬ್ರಿಜ್ (ತಂತಿಗಳ ಬುಡದ ಆಸರೆ) ಹತ್ತಿರ ಎರಡು ಸುರುಳಿಯ ಹಂಬಕರ್ ಒಂದು, ಮೇಲೆ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಎರಡು. ಪಿಕಪ್ ಆರಿಸಲು ಐದು ನೆಲೆಯ ಸ್ವಿಚ್. ಟ್ಯೂನರ್‌ಗಳು ಷಾಲರ್ ಕಂಪನಿಯ ಲಾಕಿಂಗ್ ಬಗೆಯವು, ತಂತಿ ಬದಲಿಸುವುದು ನಿಮಿಷಗಳ ಕೆಲಸ.

ಮೊದಲ ಲ್ಯೂಕ್‌ಗಳಲ್ಲಿದ್ದದ್ದು ಇಎಂಜಿ ಕಂಪನಿಯ ಆಕ್ಟಿವ್ (ಬ್ಯಾಟರಿಯಿಂದ ನಡೆಯುವ) ಪಿಕಪ್‌ಗಳು, ಬ್ರಿಜ್‌ನಲ್ಲಿ 85 ಎಂಬ ಮಾದರಿ, ಉಳಿದೆರಡು ಎಸ್‌ಎಲ್‌ವಿ ಮಾದರಿ. ನಮ್ಮ ಪೆಂಡಾಲ್‌ಗಳಿಗೆ ಇವೇ ಸರಿ ಎನ್ನುತ್ತೇನೆ. ಜನರೇಟರ್, ಸೀರಿಯಲ್ ಲೈಟ್, ಡಿಮ್ಮರ್ ಎಲ್ಲ ಒಟ್ಟಿಗೆ ಇರುವ ಕಡೆ ಸಾಮಾನ್ಯ ಸಿಂಗಲ್ ಕಾಯಿಲ್ ಪಿಕಪ್ 50 ಹರ್ಟ್ಜ್ ಗುಂಯ್‌ಗುಡುವಿಕೆಯನ್ನೂ ಡಿಮ್ಮರ್‌ನ ಚರಚರವನ್ನೂ ಹಾಡಿನಷ್ಟೇ ಜೋರಾಗಿ ಎತ್ತಿಕೊಳ್ಳುತ್ತದೆ. ಇಎಂಜಿಯಲ್ಲಿ ಅದು ಬಹಳ ಕಡಿಮೆ. ಅಮೆರಿಕದ ಗಾಯಕ, ಗಿಟಾರ್ ವಾದಕ ಜಾನ್ ಮೇಯರ್ ಹೆಸರಿನ ಪಿಆರ್‌ಎಸ್ ಕಂಪನಿಯ ಸಿಲ್ವರ್ ಸ್ಕೈ ಸ್ಟುಡಿಯೊದಲ್ಲಿ ಎಷ್ಟೇ ಸೊಗಸಾಗಿ ನುಡಿದರೂ ಮೂರೂ ಸಿಂಗಲ್ ಕಾಯಿಲ್. ಡಿಸ್ಟಾರ್ಷನ್ ಹಾಕಿ ಇಂಥ ವೇದಿಕೆಯಲ್ಲಿ ನಿಲ್ಲುವುದು ಕಷ್ಟ.

ಇನ್ನೊಂದು ಲಾಭ ಕೇಬಲ್‌ನದು. ಮಾಮೂಲಿ ಗಿಟಾರ್ ಕೇಬಲ್‌ಗೆ ಮೀಟರ್‌ಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟನ್ಸ್ (ವಿದ್ಯುತ್ ಹಿಡಿದಿಡುವ ಗುಣ) ಇರುತ್ತದೆ. ಹತ್ತು ಮೀಟರ್ ಎಳೆದರೆ ಬ್ಯಾಟರಿ ಇಲ್ಲದ ಪ್ಯಾಸಿವ್ ಪಿಕಪ್‌ನ ಮೇಲ್ದನಿ ಮಂಕಾಗುತ್ತದೆ. ಆಕ್ಟಿವ್ ಪಿಕಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಸಂಕೇತಕ್ಕಿರುವ ತಡೆ) ಕಡಿಮೆಯಾದ್ದರಿಂದ ಈ ಗೋಳಿಲ್ಲ. ಬದಲಿಗೆ 9 ವೋಲ್ಟ್ ಬ್ಯಾಟರಿಯ ಮೇಲೆ ಕಣ್ಣಿಡಬೇಕು. ಕೇಬಲ್ ಚುಚ್ಚಿದ್ದಷ್ಟು ಹೊತ್ತೂ ಅದು ಖರ್ಚಾಗುತ್ತದೆ. ದನಿ ತಗ್ಗಿ ಒಡೆದಂತೆ ಕೇಳಿಸಿದರೆ ಆಂಪ್ ಮುಟ್ಟುವ ಮೊದಲು ಬ್ಯಾಟರಿ ನೋಡಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನುಡಿಸದಿದ್ದರೆ ತೆಗೆದಿಡಿ, ಸೋರಿದರೆ ಕ್ಲಿಪ್ ಹಸಿರುಗಟ್ಟುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ಶಾಕ್. ಪ್ಯಾಸಿವ್ ಗಿಟಾರ್‌ನಲ್ಲಿ ತಂತಿಗಳನ್ನು ಬ್ರಿಜ್ ಮೂಲಕ ಗ್ರೌಂಡ್‌ಗೆ ಕಟ್ಟಿರುತ್ತಾರೆ. ಅಂದರೆ ನಿಮ್ಮ ಬೆರಳು ಆಂಪ್‌ನ ಚಾಸಿಸ್ (ಲೋಹದ ಚೌಕಟ್ಟು) ಮುಟ್ಟಿದ ಹಾಗೆಯೇ. ಆಂಪ್ ಒಂದು ಲೈನಿನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ, ಒಂದರ ಅರ್ತ್ ಕಿತ್ತಿದ್ದರೆ, ತುಟಿ ಮೈಕ್‌ಗೆ ತಾಗಿದ ಕ್ಷಣ ಕರೆಂಟು ಮೈಯೊಳಗಿಂದ ಹರಿಯಬಹುದು. ಮಳೆಗೆ ನೆಂದ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತವರಿಗೆ ಇದು ಜೀವದ ಪ್ರಶ್ನೆ. ಇಎಂಜಿ ತನ್ನ ಆಕ್ಟಿವ್ ಪಿಕಪ್‌ಗಳಿಗೆ ತಂತಿಯ ಗ್ರೌಂಡ್ ಬೇಡ, ಬಿಚ್ಚಿಡಿ ಎಂದೇ ಹೇಳುತ್ತದೆ. ಇದರಿಂದ ಅಪಾಯ ತಗ್ಗುತ್ತದೆ, ತೊಲಗುವುದಿಲ್ಲ. ಜ್ಯಾಕ್, ಪ್ಲಗ್‌ನ ಲೋಹ ಇನ್ನೂ ಅಲ್ಲೇ ಇರುತ್ತದೆ.

ಹಾಗಾಗಿ ಸೌಂಡ್ ಚೆಕ್‌ಗೆ ಮುಂಚೆ ಮಲ್ಟಿಮೀಟರ್ ಅನ್ನು ಎಸಿ 750 ವೋಲ್ಟ್ ರೇಂಜಿಗಿಟ್ಟು ಒಂದು ಮೊನೆಯನ್ನು ಕೇಬಲ್ ಪ್ಲಗ್‌ನ ಲೋಹಕ್ಕೆ, ಇನ್ನೊಂದನ್ನು ಮೈಕ್‌ನ ಜಾಲರಿಗೆ ಹಿಡಿಯಿರಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ನುಡಿಸಬೇಡಿ. ಕೆಲವೊಮ್ಮೆ ನೂರರ ಆಸುಪಾಸು ಕಾಣುತ್ತದೆ. ಅರ್ತ್ ಇಲ್ಲದ ಅಡಾಪ್ಟರಿನ ಸಣ್ಣ ಸೋರಿಕೆ ಇರಬಹುದು, ನಿಜವಾದ ದೋಷವೂ ಇರಬಹುದು. ಮೀಟರ್ ನೋಡಿ ಯಾವುದೆಂದು ತಿಳಿಯದು, ಎಲೆಕ್ಟ್ರಿಷಿಯನ್ ಸರಿಮಾಡುವವರೆಗೆ ಕಾಯಿರಿ. ಆಂಪ್, ಪೆಡಲ್, ಮಿಕ್ಸರ್ ಎಲ್ಲಕ್ಕೂ ಒಂದೇ ಬೋರ್ಡಿನಿಂದ ಲೈನ್ ಕೇಳಿ, ಅದಕ್ಕೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇರಲಿ. ಹಮ್ (ಗುಂಯ್‌ಗುಡುವಿಕೆ) ಹೋಗಲೆಂದು ಪ್ಲಗ್‌ನ ಮೂರನೇ ಪಿನ್, ಅಂದರೆ ಅರ್ತ್ ಪಿನ್, ಕತ್ತರಿಸುವುದನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ.

ಟ್ರೆಮೊಲೊ (ಕಡ್ಡಿಯಿಂದ ಅಲುಗಿಸಿ ಶ್ರುತಿ ಏರಿಳಿಸುವ ಬ್ರಿಜ್) ಬಾಡಿಗೆ ತಾಗದೆ ತೇಲುವಂತೆ ಸೆಟ್ ಮಾಡಿದ್ದರೆ ಒಂದು ತಂತಿ ಹರಿದೊಡನೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಆರ್ಕೆಸ್ಟ್ರಾದಲ್ಲಿ ಅದಕ್ಕೆ ಕ್ಷಮೆ ಇಲ್ಲ. ಹಿಂದಿನ ಸ್ಪ್ರಿಂಗ್ ಹಿಡಿದಿರುವ ಲೋಹದ ಪಟ್ಟಿ, ಅಂದರೆ ಕ್ಲಾದ, ಎರಡು ಸ್ಕ್ರೂ ಬಿಗಿಮಾಡಿ ಬ್ರಿಜ್ ಬಾಡಿಗೆ ಒರಗುವಂತೆ ಇಟ್ಟುಕೊಳ್ಳಿ. ತಂತಿ 9ರಿಂದ ಅದಕ್ಕಿಂತ ದಪ್ಪನೆಯ 10ರ ಸೆಟ್‌ಗೆ ಬದಲಾದರೆ ಎಳೆತ ಹೆಚ್ಚುತ್ತದೆ, ಆಗ ಕ್ಲಾ ಮತ್ತೆ ಬಿಗಿಮಾಡಬೇಕು.

ಲ್ಯೂಕ್‌ನ ನೆಕ್‌ಗೆ ವಾರ್ನಿಷ್ ಇಲ್ಲ, ಗನ್‌ಸ್ಟಾಕ್ ಎಣ್ಣೆ (ಬಂದೂಕಿನ ಮರದ ಹಿಡಿಗೆ ಹಚ್ಚುವಂಥದ್ದು) ಮತ್ತು ಮೇಣ ಮಾತ್ರ. ಕೈಗೆ ಹಿತ, ಆದರೆ ಆಗುಂಬೆ ಕಡೆಯ ಆಷಾಢದ ಥಂಡಿಯನ್ನು ಬೇಗ ಹೀರುತ್ತದೆ. ಮೇ ತಿಂಗಳಲ್ಲೇ ನೆಕ್ ಒರೆಸಿ, ಅದೇ ಬಗೆಯ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಒಣಗಿದ ಮೇಲೆ ಮೇಣ ಉಜ್ಜಿ. ತೆಂಗಿನೆಣ್ಣೆ ಬೇಡವೇ ಬೇಡ: ಅದು ಒಣಗಿ ಪದರವಾಗುವ ಎಣ್ಣೆಯಲ್ಲ, ಜಿಡ್ಡು ನಿಂತು ಕಮಟುತ್ತದೆ. ಕೇಸ್‌ನಲ್ಲಿ ಸಿಲಿಕಾ ಜೆಲ್ ಜತೆಗೆ ಒಂದು ಪುಟ್ಟ ಹೈಗ್ರೋಮೀಟರ್ ಇಡಿ. ತೇವಾಂಶ ಶೇ. 45ರಿಂದ 55 ಗುರಿ. ಬಣ್ಣ ತಿರುಗಿದ ಜೆಲ್ ಅನ್ನು ಅಡುಗೆಗೆ ಬಳಸದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಮಳೆ ಹಿಡಿದಾಗೊಮ್ಮೆ, ಚಳಿ ಬಿದ್ದಾಗೊಮ್ಮೆ ನೆಕ್ ಅಳೆಯಲೇಬೇಕು. ತೇವಕ್ಕೆ ಯಾವ ಕಡೆ ಬಾಗುತ್ತದೆಂಬುದು ನೆಕ್‌ನಿಂದ ನೆಕ್‌ಗೆ ಬೇರೆ, ಊಹಿಸಬೇಡಿ. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ, ಎಂಟನೇ ಫ್ರೆಟ್ ಮತ್ತು ದಪ್ಪ ತಂತಿಯ ನಡುವಿನ ಸಂದು ನೋಡಿ: 0.25 ಮಿ.ಮೀ. ಸಾಕು. ಬೈಕ್ ಗ್ಯಾರೇಜಿನವರು ವಾಲ್ವ್ ಸೆಟ್ಟಿಂಗ್‌ಗೆ ಬಳಸುವ ಫೀಲರ್ ಗೇಜ್ ಇದಕ್ಕೆ ಚೆನ್ನಾಗಿ ಆಗುತ್ತದೆ. ನೆಕ್‌ನ ಬಾಗು ಸರಿಪಡಿಸುವ ಒಳಗಿನ ಸರಳು, ಅಂದರೆ ಟ್ರಸ್ ರಾಡ್‌ನ ಚಕ್ರ ನೆಕ್‌ನ ಬುಡದಲ್ಲೇ ಇದೆ, ನೆಕ್ ಬಿಚ್ಚಬೇಕಿಲ್ಲ. ಎಂಟನೇ ಒಂದು ಸುತ್ತು ತಿರುಗಿಸಿ, ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಅದಾದ ಮೇಲೆ 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ: ಸಣ್ಣ ತಂತಿಗೆ 1.6, ದಪ್ಪ ತಂತಿಗೆ 2 ಮಿ.ಮೀ. ಕೊನೆಗೆ ಇಂಟೊನೇಷನ್, ಅಂದರೆ ಪ್ರತಿ ಫ್ರೆಟ್‌ನಲ್ಲೂ ಶ್ರುತಿ ಸರಿಯಿರುವುದು. 12ನೇ ಫ್ರೆಟ್ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಮೆಲ್ಲಗೆ ತಾಗಿಸಿ ನುಡಿಸಿದ ಸ್ವರಕ್ಕಿಂತ) ಏರಿದ್ದರೆ ಬ್ರಿಜ್ ಮೇಲೆ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಈ ಕ್ರಮ ತಿರುವುಮುರುವಾದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ರೆಕಾರ್ಡಿಂಗೇ ಹೆಚ್ಚು ಮಾಡುವವರಿಗೆ ನನ್ನ ಆಯ್ಕೆ ಬೇರೆ. ಬೆರಳಿನ ಒತ್ತಡದ ಸಣ್ಣ ಏರಿಳಿತಗಳು ಇಎಂಜಿಯಲ್ಲಿ ಕೊಂಚ ಸಮತಟ್ಟಾಗಿ ಕೇಳುತ್ತವೆ. ಎರಡು ಬ್ಯಾಟರಿ ಜೋಡಿಸಿ 18 ವೋಲ್ಟ್ ಕೊಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಡಿಮಾರ್ಜಿಯೊ ಟ್ರಾನ್ಸಿಷನ್ ಪಿಕಪ್‌ಗಳಿರುವ ಲ್ಯೂಕ್ 3 ಇಲ್ಲಿ ಹೆಚ್ಚು ಜೀವಂತ. ಪ್ಯಾಸಿವ್ ಗಿಟಾರ್ ಯಾವುದೇ ಆದರೂ ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಇಂಟರ್‌ಫೇಸ್‌ನ ಇನ್‌ಸ್ಟ್ರುಮೆಂಟ್ ಬಟನ್ ಒತ್ತಿಯೇ ಚುಚ್ಚಿ, ಲೈನ್ ಇನ್‌ಪುಟ್ ದನಿಯನ್ನು ಮಂಕುಮಾಡುತ್ತದೆ. ರೆಕಾರ್ಡಿಂಗ್‌ನ ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ, ಎಫೆಕ್ಟ್ ಇಲ್ಲದ ಒಣ ಟ್ರ್ಯಾಕ್ ಒಂದನ್ನು ಬೇರೆಯಾಗಿ ಉಳಿಸಿಕೊಳ್ಳಿ. ಹಮ್ ಬಂದರೆ ಕುಳಿತಲ್ಲೇ ನಿಧಾನ ತಿರುಗಿ, ಯಾವುದೋ ಒಂದು ದಿಕ್ಕಿನಲ್ಲಿ ಅದು ಕುಗ್ಗುತ್ತದೆ. ತಂತಿ ಮುಟ್ಟಿದಾಗ ನಿಲ್ಲುವ, ಬಿಟ್ಟಾಗ ಬರುವ ಸದ್ದಾದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ಬೇಸಿಗೆಯಲ್ಲಿ ಮಾತ್ರ ಈ ಕಾಟ ಹೆಚ್ಚುವ ಮನೆಗಳಲ್ಲಿ ಅರ್ತ್ ಗುಂಡಿಯ ಮಣ್ಣು ಒಣಗಿರುವ ಸಾಧ್ಯತೆ ಇದೆ. ಗುಂಡಿಗೆ ನೀರು ಹೊಯ್ದು, ಅರ್ತ್ ರೆಸಿಸ್ಟೆನ್ಸ್ ಎಷ್ಟಿದೆಯೆಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ.